ಕಾವಲಿಗೆ ರಜೆ

ಅಡಿರಾಂಡಕ್ ಬೆಟ್ಟ. ಹೆಮ್ಲಾಕ್ ಬೇರುಗಳ ಮೇಲೆ
ಜಾರಿ ಜಾರಿ ಮೂರು ಮೈಲಿ;
ಬೂಟಿನೊಳಗೆ ಆಗಲೇ ಒಂದು ತೊರೆ.
‘ಇಂಥ ಮಳೆಯಲ್ಲಿ ಮೇಲೇನು ಕಾಣುತ್ತೆ?’ ಎಂದೆ.
ಆರ್ಡಿತ್ ಮಾತಾಡದೆ ಕೋಲೂರಿದಳು,
ಎಪ್ಪತ್ತೊಂದರ ಮಂಡಿ ಕಟಕಟ.

ಉಕ್ಕಿನ ಗೋಪುರ. ಗಾಳಿಗೆ ಮೆಟ್ಟಿಲು ನರಳಿತು.
ತುದಿಯ ಗೂಡಲ್ಲಿ
ದುಂಡು ಮೇಜು, ಅದರ ಮೇಲೆ ಮಾಸಿದ ನಕಾಶೆ,
ಒಡೆದ ಗಾಜಿನಾಚೆ ಬರೀ ಬಿಳಿ.
ಹೊಗೆಯೋ ಮಂಜೋ
ನೋಡಿ ಹೇಳುವವನಿಲ್ಲ.

ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸುತ್ತ ಅಂದಳು:
‘ಬಿಸಿಲಿದ್ದಷ್ಟು ದಿನ ಅಪ್ಪ ಇಲ್ಲೇ,
ಕಾಡಿಗೆ ಕಣ್ಣು ನೆಟ್ಟು.
ಮೂರು ದಿನ ಬಿಡದೆ ಜಡಿದರೆ ಮಾತ್ರ
ಇಳಿದು ಬರುತ್ತಿದ್ದ, ಒದ್ದೆ ಟೋಪಿ ಹಿಂಡುತ್ತ.
ನಾನು ಕಿಟಕಿಯಲ್ಲಿ ಕೂತು
ಬೆಟ್ಟ ಮರೆಯಾಗಲೆಂದು ಕಾಯುತ್ತಿದ್ದೆ.’

ಈಗ ಪೂರಾ ಮರೆಯಾಗಿತ್ತು.
ಅವಳಿಗೆ ಇಳಿಯುವ ಆತುರವಿರಲಿಲ್ಲ.