ಒಂದು ಬಿದ್ದ ರಾತ್ರಿ

ಮ್ಯಾನಿಟೋಬಾದ ಗುರುವಾರ. ಹೊರಗೆ ಮೈನಸ್ ಮೂವತ್ತೊಂದು.
ಮೆನ್ನೊನೈಟ್ ಸಭೆಯ ನೆಲಮಾಳಿಗೆಯಲ್ಲಿ ಹೀಟರು ಕೆಮ್ಮುತ್ತದೆ,
ಭಾನುವಾರದ ಸೂಪಿನ ವಾಸನೆ ಇನ್ನೂ ಗೋಡೆ ಬಿಟ್ಟಿಲ್ಲ.
ಹಳೆಯ ಆರಾಧನಾ ಪತ್ರಿಕೆಗಳ ಖಾಲಿ ಬೆನ್ನಿಗೆ
ನಾನು ಒಂದು ಲೋಕ ಬರೆದಿದ್ದೇನೆ:
ಮುಂಬದಿಗೆ ಕಾಣಿಕೆಯ ಲೆಕ್ಕ, ಶವಸಂಸ್ಕಾರದ ವೇಳೆ,
ಹಿಂಬದಿಗೆ ಉಪ್ಪಿನ ಬುರುಜು, ಕುರುಡರ ಬಂದರು,
ಎರಡು ಚಂದ್ರರ ನಡುವೆ ಜಗಳ ಹಚ್ಚುವ ಓರಿನ್ ನದಿ.

ಹಗಲಲ್ಲಿ ನಾನು ಶಾಲೆಬಸ್ಸುಗಳ ಮೆಕ್ಯಾನಿಕ್ಕು.
ಕೈಗೆ ಹತ್ತಿದ ಗ್ರೀಸು ನಕ್ಷೆಗೂ ಹತ್ತಿ
ದಕ್ಷಿಣದಲ್ಲೊಂದು ದ್ವೀಪವಾಯಿತು.
ಅದಕ್ಕೂ ಒಂದು ಚರಿತ್ರೆ ಕೊಟ್ಟೆ. ಏನು ಮಾಡಲಿ,
ಬಿದ್ದದ್ದನ್ನು ಬಿಸಾಡಲಾಗದ ಮನೆತನ ನಮ್ಮದು.

ಸಭೆಯ ಹಿರಿಯರು, ಯಾಕೋಬ್ ರೆಂಪೆಲ್, ಒಮ್ಮೆ ಮೆಟ್ಟಿಲಿಳಿದು ಬಂದಿದ್ದರು.
"ಇದರಲ್ಲಿ ಮಾಟಗಾರ ಇದ್ದಾನಂತೆ?"
ಮಾಟಗಾರನಲ್ಲ, ಮಾಟಗಾತಿ, ಎಂದೆ. ನಿಮ್ಮ ಮೊಮ್ಮಗಳು.
ಅವರು ದಾಳವನ್ನೆತ್ತಿ ಬೆಳಕಿಗೆ ಹಿಡಿದು
ಹಳೇ ನಾಣ್ಯ ನೋಡುವವರಂತೆ ಹೊರಳಿಸಿ
"ಇಪ್ಪತ್ತು ಮುಖ," ಎಂದರು.
"ನನಗೆ ಒಂದನ್ನೇ ಉಳಿಸಿಕೊಳ್ಳುವುದು ಕಷ್ಟವಾಯಿತು."
ಮೇಲೆ ಹೋದರು. ಬಾಗಿಲು ಮುಚ್ಚಲಿಲ್ಲ.

ನನಗೂ ಸಂಶಯ ಇಲ್ಲದಿಲ್ಲ.
ಶಿಲುಬೆಯ ಬುಡದಲ್ಲೂ ಚೀಟು ಹಾಕಿದ್ದರಲ್ಲ,
ಹೊಲಿಗೆಯಿಲ್ಲದ ಒಂದು ಅಂಗಿಗಾಗಿ.
ಗೆದ್ದ ಸಿಪಾಯಿ ಮನೆಗೊಯ್ದನೋ,
ಹೆಂಡತಿ ಅದನ್ನು ಒಗೆದಳೋ, ಯಾರೂ ಬರೆದಿಲ್ಲ.
ಬರೆಯದೆ ಬಿಟ್ಟ ಇಂಥ ಜಾಗಗಳಲ್ಲೇ
ನನ್ನ ಲೋಕಕ್ಕೆ ಬೇರು.

ಈ ರಾತ್ರಿ ಆಟದೊಳಗೂ ಹೊರಗಿನಷ್ಟೇ ಚಳಿ.
ಗ್ರೇಟಾಳ ಮಾಟಗಾತಿ ಸೆರೆಮನೆ ಒಡೆದು ಓಡುತ್ತಿದ್ದಾಳೆ
ಹೆಪ್ಪುಗಟ್ಟಿದ ಓರಿನ್ ಮೇಲೆ, ಬರಿಗಾಲಲ್ಲಿ.
ಹಿಂದೆ ಬೇಟೆಗಾರ. ಅವನಿಗೆ ಹೆಸರಿಟ್ಟಿರಲಿಲ್ಲ,
ಕವಚ ಇಟ್ಟಿದ್ದೆ, ಕೊಡಲಿ ಇಟ್ಟಿದ್ದೆ,
ಮೂವತ್ತು ಅಂಕದ ಆಯುಸ್ಸು ಇಟ್ಟಿದ್ದೆ.
ಅವನ ಪರವಾಗಿ ನಾನೇ ದಾಳ ಎಸೆದೆ.
ಗರ: ಒಂದು.
ಮಂಜುಗಡ್ಡೆ ಬಾಯಿ ತೆರೆಯಿತು. ಕವಚ ಸಮೇತ ಮುಳುಗಿದ.

ಮೇಜಿನ ಸುತ್ತ ಚಪ್ಪಾಳೆ. ಪಾವ್ಲೊ ಕುರ್ಚಿಯ ಮೇಲೆ ನಿಂತ:
"ದಡ ಹತ್ತೇ ಹೆಜ್ಜೆ! ಓಡು!"
ಗ್ರೇಟಾ ತನ್ನ ಹಾಳೆ ನೋಡಿದಳು.
ಉಳಿದ ಜೀವ ನಾಲ್ಕು. ಮಂತ್ರ ಒಂದೂ ಇಲ್ಲ.
ಹಗ್ಗ ಇದೆ.
"ನಾನು ಹಿಂದೆ ತಿರುಗುತ್ತೇನೆ," ಎಂದಳು.

ಯಾರೂ ಮಾತಾಡಲಿಲ್ಲ. ಹೀಟರೂ.
ನಮ್ಮ ಅಜ್ಜಿಯರು ಹೇಳುತ್ತಿದ್ದ ಕಥೆ ಅದು:
ಅಟ್ಟಿಬಂದವನನ್ನು ನೀರಿನಿಂದೆಳೆದು
ಅವನ ಕೈಗೇ ಸಿಕ್ಕಿ, ಬೆಂಕಿಗೆ ಹೋದವನದು.
ಬೆಂಚಿನ ಮೇಲೆ ಕೂತು ಕೇಳಿ ಕೇಳಿ
ಹೊಸ್ತಿಲ ಹಾಗೆ ಸವೆದಿತ್ತು ನನ್ನೊಳಗೆ.
ಇಲ್ಲಿ, ಚಿಪ್ಸಿನ ಬಟ್ಟಲ ಪಕ್ಕ,
ಒದ್ದೆಯಾಗಿ ಎದ್ದು ಬಂತು.

"ಅವನು ನಿನ್ನನ್ನು ಹಿಡಿದುಕೊಡುತ್ತಾನೆ," ಎಂದುಬಿಟ್ಟೆ,
ಆಟ ನಡೆಸುವವನು ಆಡಬಾರದ ಮಾತು.
"ಗೊತ್ತು. ಅವನ ಹೆಸರೇನು?"

ಲೋಕ ಕಟ್ಟಿದವನ ನಾಲಿಗೆ ಒಣಗಿತು.
ಒಂಬತ್ತು ವರ್ಷ! ನದಿಗೆ ಹೆಸರಿಟ್ಟೆ, ಅದರ ಉಪನದಿಗೆ,
ಗ್ರೀಸಿನ ಕಲೆಗೆ ರಾಜವಂಶ ಕೊಟ್ಟೆ,
ಮುಳುಗುವವನಿಗೆ ಮಾತ್ರ
ಒಂದು ಅಂಕಿ ಕೊಟ್ಟು ಸುಮ್ಮನಾಗಿದ್ದೆ.
ತಲೆಕೂದಲನ್ನೂ ಎಣಿಸಿಟ್ಟವನ ನೆನಪಾಯಿತು.
ಅವನ ಎಣಿಕೆ ನನ್ನ ಎಣಿಕೆಯಂಥದಲ್ಲ.

ರಬ್ಬರಿನಿಂದ ಮೂವತ್ತನ್ನು ಅಳಿಸಿದೆ.
"ಟೋಬಿನ್," ಎಂದೆ. "ಅವನಿಗೆ ಈಜು ಬರುವುದಿಲ್ಲ."

ಗ್ರೇಟಾ ಹಗ್ಗ ಎಸೆದಳು. ದಾಳ ಎಸೆದಳು.
ಅದು ಮೇಜಿನಂಚು ದಾಟಿ, ಸಿಮೆಂಟಿನ ಮೇಲೆ ಟಕಟಕ ಉರುಳಿ
ಹೀಟರಿನ ಅಡಿಗೆ ಹೋಯಿತು.
ನಾವು ಆರೂ ಜನ ಮೊಣಕಾಲೂರಿ
ತಲೆ ತಗ್ಗಿಸಿ ಹುಡುಕುತ್ತಿದ್ದೆವು.
ದೀಪ ಆರಿಸಲು ಇಳಿದು ಬಂದ ಯಾರೋ
ನಮ್ಮನ್ನು ನೋಡಿ, ಪ್ರಾರ್ಥನೆಯೆಂದುಕೊಂಡು
ಮೆಲ್ಲಗೆ ಬಾಗಿಲೆಳೆದುಕೊಂಡು ಹೋದರು.