ಎಡತೋಳು ಅರ್ಧ ಇಂಚು

ಜಹರಾದ ಹಳೇ ಪೇಟೆಯಲ್ಲಿ, ಕುರಿಸಂತೆಗೆ ತಿರುಗುವ ಮೂಲೆಯಲ್ಲಿ
ನನ್ನ ಅಂಗಡಿ. ಬೋರ್ಡು ಅರಬ್ಬಿ, ಅಳತೆ ಪುಸ್ತಕ ಕನ್ನಡ.
ಇಲ್ಲಿಯ ಗಂಡಸರ ಕುತ್ತಿಗೆ, ಎದೆ, ಹೊಟ್ಟೆಯೆಲ್ಲ
ಬೈಂದೂರು ಶಾಲೆಯ ಅಕ್ಷರದಲ್ಲಿದೆ; ಅವರಿಗೆ ಗೊತ್ತಿಲ್ಲ.

ನಲವತ್ತೊಂದನೇ ಪುಟ. ಫಲಾಹ್.
ಕಾಲರ್ ಹದಿನೈದೂವರೆ, ಭುಜ ಹದಿನೆಂಟು, ಉದ್ದ ಐವತ್ತೆಂಟು.
ಬಲತೋಳು ಇಪ್ಪತ್ತನಾಲ್ಕು.
ಎಡತೋಳು ಅರ್ಧ ಇಂಚು ಕಮ್ಮಿ.
ಚಿಕ್ಕಂದಿನಲ್ಲಿ ನೀರಿನ ಟ್ಯಾಂಕರ್ ಮೇಲಿಂದ ಬಿದ್ದದ್ದಂತೆ.
"ಸೈನ್ಯದ ಡಾಕ್ಟರಿಗೇ ಕಾಣಲಿಲ್ಲ, ಉಸ್ತಾದ್, ನಿನಗೆ ಕಂಡಿತಲ್ಲ!"
ನಕ್ಕ. ಸಮವಸ್ತ್ರದ ಸೊಂಟ ಬಿಗಿ ಮಾಡಿಸಿಕೊಂಡ.
ಹೊಸ ಮದುವೆ; ಪ್ಯಾಂಟಿನ ಇಸ್ತ್ರಿಗೆರೆಯಲ್ಲಿ
ಈರುಳ್ಳಿ ಹೆಚ್ಚಬಹುದಿತ್ತು.

ಆಗಸ್ಟಿನ ಒಂದು ಗುರುವಾರ, ನಸುಕಿಗೆ, ಟ್ಯಾಂಕುಗಳು ಬಂದವು.
ಮಷೀನು ಬಿಟ್ಟೆ, ಬಟ್ಟೆ ಬಿಟ್ಟೆ,
ಪುಸ್ತಕ ಹೊಟ್ಟೆಗೆ ಕಟ್ಟಿಕೊಂಡು ಮರಳುಗಾಡು ದಾಟಿದೆ.
ದೊಡ್ಡ ಕಾರಣವೇನಿಲ್ಲ. ಅದರಲ್ಲಿ ಬಾಕಿ ಬರೆದಿತ್ತು.

ತಿರುಗಿ ಬಂದಾಗ
ತೊಳೆದ ಬಟ್ಟೆ ಹಗ್ಗದ ಮೇಲೇ ಕಪ್ಪಾಗುವ ಕಾಲ.
ಬಾವಿಗಳಿನ್ನೂ ಉರಿಯುತ್ತಿದ್ದವು.
ಮೊದಲ ಗಿರಾಕಿ ಉಮ್ಮ್ ಫಲಾಹ್.
(ಇಲ್ಲಿ ತಾಯಿಗೆ ಮಗನದೇ ಹೆಸರು:
ಆಕೆಯನ್ನು ಕರೆದರೆ ಅವನನ್ನೂ ಕರೆದ ಹಾಗೆ.)
ಜಪಾನಿನ ಬಿಳಿ ಬಟ್ಟೆ, ಮೂರೂವರೆ ಮೀಟರು.
"ಹಬ್ಬಕ್ಕೆ ಬಿಡುತ್ತಾರೆ. ದಿಶ್ದಾಶಾ ಹೊಲಿದಿಡು."
ಹೊಲಿದೆ.

ಮರುವರ್ಷ: "ಸೆರೆಮನೆ ಊಟ. ಇಳಿದಿರುತ್ತಾನೆ.
ಮಗ್ಗುಲಲ್ಲಿ ಒಂದಿಂಚು ತೆಗೆ."
ತೆಗೆದೆ. ಅದರ ಮರುವರ್ಷ ಇನ್ನರ್ಧ.
ಹೀಗೆ ಹದಿಮೂರು ಹಬ್ಬ
ತಾಯಿಯೇ ಮಗನನ್ನು ಒಂಚೂರು, ಒಂಚೂರು ಸಣಕಲು ಮಾಡಿದಳು.
ಭುಜ ಹದಿನಾರಕ್ಕೆ ಬಂದಾಗ ನನ್ನ ಕತ್ತರಿ ನಿಂತಿತು.
"ಮೂಳೆ ಇಳಿಯುವುದಿಲ್ಲಮ್ಮಾ" ಅನ್ನಬೇಕಿತ್ತು.
ಅನ್ನಲಿಲ್ಲ. ಎಡತೋಳಿನ ಅರ್ಧ ಇಂಚನ್ನು ಮಾತ್ರ
ಇಬ್ಬರೂ ಮುಟ್ಟಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ ತಂಗಿ ಹೆಸ್ಸಾ ಬಂದಳು.
ಗಡಿಯಾಚೆ, ಮರಳಿನಡಿ, ಹಲವರ ಜೊತೆಗೊಬ್ಬ ಸಿಕ್ಕಿದ್ದಾನೆ.
ಕಚೇರಿಯವರು ಕೇಳುತ್ತಾರೆ, ಮುರಿದದ್ದು ಯಾವ ಕೈ?
ಅಮ್ಮ ಬಾಯಿ ಬಿಡುತ್ತಿಲ್ಲ.
ಪುಟ ತೆಗೆದು ತೋರಿಸಿದೆ. ಓದಲು ಬಾರದ ಲಿಪಿಯ ಮೇಲೆ
ಬೆರಳಿಟ್ಟು ಕೂತಳು. "ಹರಿದು ಕೊಡುತ್ತೀಯಾ?"
ಹಿಂಬದಿಯಲ್ಲಿ ಕಿರಾಣಿ ಅಂಗಡಿಯವನ ಎರಡು ದಿನಾರ್ ಬಾಕಿ.
ಕೊಡಲಿಲ್ಲ. ಇಂದಿಗೂ ನಾಚಿಕೆ.
ಬೇರೆ ಹಾಳೆಯಲ್ಲಿ ಬರೆದುಕೊಟ್ಟೆ: ಎಡ.

ಹೂಳುವ ದಿನ ನನ್ನನ್ನು ಯಾರೂ ಏನೂ ಕೇಳಲಿಲ್ಲ.
ಕಫನಿಗೆ ಅಳತೆ ಬೇಡ, ಕಾಜಾ ಬೇಡ, ಗುಂಡಿ ಬೇಡ.

ಮೊನ್ನೆ ಒಬ್ಬ ಹುಡುಗ. ಮಿಶಾರಿ.
ಅಪ್ಪ ಹೋದ ಚಳಿಗಾಲದಲ್ಲಿ ಹುಟ್ಟಿದವನು, ಎಳೆ ಮೀಸೆ.
ಕೈಯಲ್ಲಿ ಹನ್ನೊಂದನೇ ಹಬ್ಬದ ದಿಶ್ದಾಶಾ.
ತೊಟ್ಟು ತೋರಿಸಿದ. ಭುಜ ಸರಿ, ಮಗ್ಗುಲು ಸರಿ,
ಅಜ್ಜಿ ಇಳಿಸಿಳಿಸಿ ಇವನಿಗೇ ತಂದು ನಿಲ್ಲಿಸಿದಂತೆ.
"ಎಡತೋಳೊಂದು ಗಿಡ್ಡ. ಹೊಲಿದವರು ತಪ್ಪಿದ್ದಾರೆ."

ಹೌದು ಮಗಾ, ಅಂದೆ.
ಒಳಗೆ ಒಂದಿಂಚು ಮಡಿಚಿ ಬಿಟ್ಟಿದ್ದೆ; ದರ್ಜಿ ಯಾವಾಗಲೂ ಬಿಡುತ್ತಾನೆ.
ಬಿಚ್ಚಿದೆ. ಇಳಿಸಿದೆ. ನೀರು ಚಿಮುಕಿಸಿ ಇಸ್ತ್ರಿ ಎಳೆದೆ.
ಹಳೇ ಮಡಿಕೆಯ ಗೆರೆ ಮಾತ್ರ ಹೋಗಲೊಲ್ಲದು.

ಕಾಲು ದಿನಾರ್ ಕೊಟ್ಟ. ತೆಗೆದುಕೊಂಡೆ.
ಬೇಡ ಅಂದಿದ್ದರೆ
ಯಾಕೆಂದು ಕೇಳುತ್ತಿದ್ದ.