ಅಜ್ಜನ ರುಜು

ಮೊದಲು ಬಂದವನು ತೆಂಕಣದಿಂದ, ಧೂಳಿನ ಗಾಳಿ ಬೀಸುವ ತಿಂಗಳು.
ಹದಿನೆಂಟು ಕತ್ತೆ, ಒಂದು ಮಡಿಸುವ ಕುರ್ಚಿ,
ಕುರ್ಚಿಯ ಮೇಲೆ ಜ್ವರದಲ್ಲಿ ನಡುಗುವ ಕ್ಯಾಪ್ಟನ್.
ಮೂರನೆಯ ದಿನ ಮೂಡಣದಿಂದ ಇನ್ನೊಬ್ಬ.
ಅವನಿಗೂ ಜ್ವರ. ಅವನಿಗೂ ಕುರ್ಚಿ.
ಮೊದಲಿನ ಕತ್ತೆಗಳ ಲದ್ದಿ ನೆರಳಲ್ಲಿನ್ನೂ ಹಸಿಯಾಗಿತ್ತು.

ನಾನು ದುಭಾಷಿ. ಕರಾವಳಿಯ ಕೋಠಿಯಲ್ಲಿ
ತಾಳೆಎಣ್ಣೆಯ ಪೀಪಾಯಿ ಉರುಳಿಸುತ್ತ
ಇಬ್ಬರ ಮಾತೂ ಕಲಿತೆ, ಇಬ್ಬರ ಉಪ್ಪೂ ತಿಂದೆ.
'ರಕ್ಷಣೆ' ಅಂದರು ಇಬ್ಬರೂ.
ನಮ್ಮಲ್ಲಿ ಅದಕ್ಕೆ ಹತ್ತಿರದ ಮಾತು
ಕೋಳಿಯ ಮೇಲೆ ಬುಟ್ಟಿ ಕವುಚುವುದು.
ಹಾಗೆಯೇ ಹೇಳಿದೆ. ಸಾಬಿ ಯೆರಿಮಾ ನಕ್ಕ, ನಕ್ಕು ಕೆಮ್ಮಿದ:
'ಯಾರಿಂದ ರಕ್ಷಣೆ, ಕೇಳು.'
ಮೊದಲಿನವನು ಹೇಳಿದ್ದ: ಹಿಂದೆ ಬರುತ್ತಿರುವವನಿಂದ.
ಎರಡನೆಯವನು: ಈಗಷ್ಟೇ ಹೋದವನಿಂದ.

ಹೆಸರು ಕೇಳಿದರು. ಮುದುಕ ಅಂದ,
'ವೊರು ಮಾರೊ.'
ನನ್ನ ನಾಲಿಗೆ ಒಂದು ಗಳಿಗೆ ತಡವರಿಸಿತು.
ವೊರು ಮಾರೊ ಅವನ ಅಜ್ಜ,
ಶಿಯಾ ಮರದ ಬುಡದಲ್ಲಿ ಮಲಗಿ ನಲವತ್ತು ಮಳೆಗಾಲ.
ಅನುವಾದಿಸಲು ಅದರಲ್ಲೇನಿದೆ? ಹೆಸರು ಹೆಸರೇ.
ಎರಡು ಕಾಗದಕ್ಕೂ ಸತ್ತವನೇ ಗೀಟು ಎಳೆದ,
ಸತ್ತವನೇ ಪಡೆದ ಎರಡು ಬಾವುಟ, ಒಂದು ಪೆಟ್ಟಿಗೆ ಜಿನ್, ಒಂದು ಕನ್ನಡಿ.

ಬಾವುಟಗಳನ್ನು ಬಾಕೆ ಒಯ್ದಳು,
ನೀಲಿಯ ಗುಂಡಿಯಲ್ಲಿ ಮೂರು ರಾತ್ರಿ ಮುಳುಗಿಸಿಟ್ಟಳು.
'ತೆಳು ಬಟ್ಟೆ,' ಅಂದಳು. 'ಎರಡೂ ಒಂದೇ ಅಂಗಡಿಯದ್ದಿರಬೇಕು.'
ಬಿಳಿ ನೀಲಿಯಾಯಿತು, ನೀಲಿ ಕಪ್ಪಾಯಿತು,
ಕೆಂಪು ಮಾತ್ರ ಹಟ ಹಿಡಿಯಿತು, ಮಾಯದ ಗಾಯದ ಹಾಗೆ.
ಕತ್ತರಿಸಿ ಬತ್ತಳಿಕೆಗೆ ಗವಸು ಹೊಲಿದಳು. ಹನ್ನೊಂದು.

ಮುಂದಿನ ಸುಗ್ಗಿಗೆ ಬಂದವರು ಕುರ್ಚಿ ತಂದಿರಲಿಲ್ಲ.
ಹುಡುಗರು ಸಜ್ಜೆ ಹೊಲದಲ್ಲಿ ಉಸಿರು ಬಿಗಿಹಿಡಿದು ಕೂತರು,
ಬಾಣದ ಮೊನೆಗೆ ಹಿರಿಯರು ಅರೆದ ಬೇರಿನ ರಸ.
ನಾಲ್ಕು ಗವಸು ಮರಳಿ ಬಂದವು.
ಎಣಿಸಿದವನು ನಾನು.
ಆ ಲೆಕ್ಕವನ್ನು ಯಾವ ಭಾಷೆಗೂ ದಾಟಿಸಲಿಲ್ಲ.

ಆಮೇಲೆ, ಹಿಮ ಸುರಿಯುವ ಯಾವುದೋ ಊರಿನಲ್ಲಿ
ಅವರಿಬ್ಬರೂ ಜಗಳ ಮುಗಿಸಿಕೊಂಡರಂತೆ.
ಗೀಟು ಬಾಕೆಯ ಅಂಗಳದ ನಡುವೆ ಹಾಯಿತು:
ನೀಲಿಗುಂಡಿ ಒಬ್ಬನದು, ಬಟ್ಟೆ ಹರವುವ ಹಗ್ಗ ಇನ್ನೊಬ್ಬನದು.
ಒದ್ದೆ ಬಟ್ಟೆ ಹೊತ್ತು ದಿನಕ್ಕೆ ಹತ್ತು ಸಲ
ದೇಶ ದಾಟುತ್ತಾಳೆ, ನೀರು ತೊಟ್ಟಿಕ್ಕಿಸುತ್ತ.

ಮೊನ್ನೆ ತೆರಿಗೆಯವನು ಕಾಗದ ಬಿಡಿಸಿ ಕೇಳಿದ,
'ಈ ವೊರು ಮಾರೊ ಎಲ್ಲಿ?'
ಸಾಬಿ ಯೆರಿಮಾ ಶಿಯಾ ಮರದತ್ತ ಗದ್ದ ಎತ್ತಿದ:
'ಅಗೆದುಕೋ.'
ನಾನು ತೆರಿಗೆಯವನತ್ತ ತಿರುಗಿದೆ. 'ದಣಿದಿದ್ದೀರಿ,
ದಯವಿಟ್ಟು ನೆರಳಲ್ಲಿ ಕೂರಿ, ಅನ್ನುತ್ತಿದ್ದಾರೆ.'